ತಲಿಗೆ ಮುನ್ನೂರು

ರಾಯಚೂರಿನ ಹೈದರಾಬಾದ್ ರೋಡಿಗೆ
ಹೊಸದೊಂದು ಗುಡ್ಡ ಎದ್ದೈತಿ.
ತಗಡು, ಫೈಬರು, ಮ್ಯಾಲೆ ಕಂದು ಬಣ್ಣ,
ಬಿರುಕಿನ್ಯಾಗ ಮಿಣಮಿಣ ಹಳದಿ ಗೆರಿ.
ಬಾಗಲ್ದಾಗ ಬುರುಡಿ, ಅದರ ಕಣ್ಣಾಗ ಕೆಂಪು ಬಲ್ಬು.
ಬಂಗಾರದ ಗಣಿ ಅಂತ ಹೆಸರು.
ತಲಿಗೆ ಮುನ್ನೂರು.

ಗಣಿಗೆ ರೊಕ್ಕಾ ಕೊಟ್ಟು ಇಳಿಯೋದಾ ಅಂತ
ಇವರು ನಕ್ಕರು.
ಮೂವತ್ನಾಕು ವರ್ಷ ರೊಕ್ಕಾ ತಗೊಂಡು ಇಳಿದವರು,
ಹಟ್ಟಿಯೊಳಗ.

ಟಿಕೆಟು ತೆಗೆಸಿದಾಕಿ ಮೈದುನನ ಮಗಳು ಭುವನಾ.
ಸಾಲಿನ್ಯಾಗ ನಿಂತು ಚೀರಾಟ ಕೇಳಿ ಕಾಲು ತೆಗೆದ್ಲು.
"ದೊಡ್ಡಮ್ಮ, ನೀವಿಬ್ರೇ ಹೋಗ್ರಿ."
ಬಿಪಿ ಇದ್ದವರು ಏರಬಾರದಂತ ಬೋರ್ಡು ಇತ್ತಂತ.
ನನಗ ಬಿಪಿ ಐತಿ. ಓದಾಕ ಬರಂಗಿಲ್ಲ.
ಎರಡೂ ಸರಿಹೋತು.

ಡಬ್ಬಿ ಸಣ್ಣದು, ಅದಿರು ತುಂಬೋ ಟಬ್ಬಿನಂಗ
(ಇದೂ ಇವರು ಹೇಳಿದ್ದ).
ಹಳದಿ ಅಂಗಿ ಹುಡುಗ ಎದಿಗೆ ಕಬ್ಬಿಣ ಇಳಿಸಿ
ಜಗ್ಗಿ ನೋಡಿದ.
"ಗಟ್ಟಿ ನೋಡಿದೆಲ್ಲೋ?" ಇವರು ಕೇಳಿದ್ರು,
ಎರಡು ಸಲ.
ಚಾಳೀಸು ತೆಗೆದು ಜೇಬಿಗಿಟ್ಟು ಗುಂಡಿ ಹಾಕಿದ್ರು.
ಸೆರಗು ಸಿಗಿಸು ಅಂದ್ರು.

ಕಟಾ ಕಟಾ ಕಟಾ
ಸರಪಳಿ ಹಲ್ಲು ಕಡೀತಾ ಮ್ಯಾಲಕ್ಕ ಎಳೀತು.
ಇಳಿಯೋ ಗಣಿ ಮೊದಲು ಏರತೈತಿ, ಇದೊಂದು ಹೊಸದು.
ತುದಿಗೆ ಊರೆಲ್ಲಾ ಕಂಡಿತು:
ಜಿನ್ನಿಂಗ್ ಮಿಲ್ಲಿನ ಅಂಗಳದಾಗ ಹತ್ತಿ ಗುಡ್ಡಿ,
ಕ್ವಾಟಿ ಬೆಟ್ಟ, ದೂರದಾಗ ಶಕ್ತಿನಗರದ ಹೊಗಿ,
ಕೆಳಾಗ ಭುವನಾ, ಫೋನು ಎತ್ತಿ ಹಿಡಿದಾಕಿ,
ಜ್ವಾಳದ ಕಾಳಿನಷ್ಟು.
ಒಂದು ಉಸಿರಿನಷ್ಟು ಹೊತ್ತು ಅಲ್ಲೇ ನಿಂತಿತು ಡಬ್ಬಿ.

ಆಮ್ಯಾಲೆ
ಹೊಟ್ಟಿ ಮ್ಯಾಲೇ ಉಳೀತು,
ನಾ ಇಳಿದೆ.

ಎವ್ವಾ ಅಂದೆ. ಸತ್ತು ಇಪ್ಪತ್ತು ವರ್ಷಾದ ಅವ್ವನ್ನ
ಹೆಸರು ಹಿಡಿದು ಕರೆದೆ.
ತಿರುವಿನ್ಯಾಗ ಇವರು ನನ್ನ ಮ್ಯಾಲೆ, ನಾ ಇವರ ಮ್ಯಾಲೆ,
ಒಗೆದ ಧೋತರದಂಗ ಹಿಂಡಿ
ಕತ್ತಲಿಗೆ ಒಗೀತು.

ಕತ್ತಲಂದ್ರ ಕತ್ತಲಲ್ಲ; ನೀಲಿ ಬಲ್ಬು, ಸುಳ್ಳು ಹೊಗಿ,
ಸ್ಪೀಕರಿನ್ಯಾಗ ಢಮ್ ಅಂತ ಬ್ಲಾಸ್ಟಿಂಗು.
ಹಿಂದಿನವರು ಚೀರಿದ್ರು, ಖುಷಿಗೆ.
ನನಗ ಸೈರನ್ನು ನೆನಪಾತು.
ಪಾಳಿ ಬಿಡೋ ಹೊತ್ತಲ್ಲದಾಗ ಅದು ಕೂಗಿದ್ರ
ಕ್ವಾರ್ಟರ್ಸಿನ ಬಾಗಲಿಗೆ ಬರ್ತಿದ್ವಿ
ನಾನು, ಚಾಂದಬೀ, ಮೂಲಿಮನಿ ದ್ಯಾಮವ್ವ.
ಕೈಯಾಗಿನ ಹಿಟ್ಟು ಕೈಯಾಗ ಒಣಗೂತನಕ ನಿಲ್ತಿದ್ವಿ.
ಕೆಳಾಗ ಹೆಂಗಿರತೈತಿ ಅಂತ ಕೇಳಿದ್ರ
"ಶೆಕಿ" ಅಂತಿದ್ರು ಇವರು.
ಅಷ್ಟ. ಮೂವತ್ನಾಕು ವರ್ಷಕ್ಕ ಒಂದು ಮಾತು.

"ಹಿಂಗ ಇರತಿತ್ತೇನ್ರೀ?" ಗಾಳ್ಯಾಗ ಒದರಿದೆ.
ಕೇಳಿಸಲಿಲ್ಲ.

ನಿಂತಿತು. ಮಣಕಾಲು ನನ್ನವಲ್ಲ.
ನಗು ಮಾತ್ರ ನಿಲ್ಲವಲ್ದು.
ಹೊರಗ ಬರೋ ಸಂದಿಗೆ ಎರಡೂ ಕಡಿ ಬಣ್ಣದ ಬಂಡಿ.
ನಾ ಒಂದಕ್ಕ ಒರಗಿದೆ.
ಇವರು ಬೆರಳು ಮಡಚಿ ಅದಕ್ಕ ಕುಟ್ಟಿದ್ರು.
ಡಬ್.
ಗಕ್ಕನ ನನ್ನ ರಟ್ಟಿ ಹಿಡಿದು ಹಿಂದಕ್ಕ ಜಗ್ಗಿದ್ರು,
ಬಳಿ ಒಂದು ಒಡೀತು.
"ಪೊಳ್ಳು ಸದ್ದು ಬಂದಲ್ಲಿ ನಿಲ್ಲಬಾರದು!"
ನಮ್ಮ ಮನ್ಯಾಗ ಯಾವತ್ತೂ ಇರದ ದನಿ ಅದು.
ಆಮ್ಯಾಲೆ ಬಂಡಿ ನೋಡಿದ್ರು, ನನ್ನ ನೋಡಿದ್ರು.
"ಕಲ್ಲಾದ್ರ ಠಣ್ ಅನ್ನಬೇಕು," ಅಂದ್ರು,
ಮೆತ್ತಗ, ಯಾರೋ ಕೇಳಿದಂಗ.

ಮುಂದೊಂದು ಅಂಗಡಿ. ಕತ್ತಲಾಗ ಗುಟ್ಟಾಗಿ ಹೊಡೆದ ಫೋಟೋ
ಸಾಲಾಗಿ ಟಿವಿಯೊಳಗ.
ನನ್ನ ಬಾಯಿ ಹಗೇವಿನಷ್ಟು ತೆರೆದೈತಿ,
ಕುಂಕುಮ ಹಣಿಯಿಂದ ಕಿವಿತನಕ.
ಮಗ್ಗಲದಾಗ ಇವರು.
ಚೀರಿಲ್ಲ, ಕಣ್ಣು ಮುಚ್ಚಿಲ್ಲ,
ಕುತಗಿ ಎತ್ತಿ ಮಾಳಗಿ ನೋಡಾಕತ್ತಾರ,
ಒಂದು ಕೈ ನನ್ನ ತಲಿ ಮ್ಯಾಲೆ
ಚಾಚಿ ಹಿಡಿದು.

ಆ ಕೈ ನನಗ ಗೊತ್ತೇ ಆಗಿರಲಿಲ್ಲ.

ನೂರೈವತ್ತು ಅಂದ ಹುಡುಗ. ನೂರಕ್ಕ ಕೊಡು ಅಂದೆ.
ಕೊಡಲಿಲ್ಲ.
ಎಲಿ ಅಡಿಕಿ ಚೀಲ ಬಿಚ್ಚಿ ಎಣಿಸಿ ಕೊಟ್ಟೆ.
ಅಷ್ಟ್ರಾಗ ಇವರು ಹಳದಿ ಅಂಗಿಯವನ ಹತ್ರ ನಿಂತು
"ಬೋಲ್ಟು ದಿನಾ ನೋಡ್ತೀರೋ, ವಾರಕ್ಕೊಮ್ಮೆನೋ?" ಅಂತ
ಕೇಳಾಕತ್ತಿದ್ರು.