ನಿಟ್ಟುವಳ್ಳಿಗೆ ಬಂದ ಹಿರಿಯರು

ಎದೆಯ ಮೇಲಿನ ಕರಿಪಟ್ಟಿಯಲ್ಲಿ ‘ಎಲ್ಡರ್’ ಎಂದಿತ್ತು.
ಹಾಗಂದರೆ ಹಿರಿಯ ಎಂದೆ.
ಮೀಸೆ ಇನ್ನೂ ಗಟ್ಟಿಯಾಗದ ಇಬ್ಬರು ಹಿರಿಯರನ್ನು
ಅಪ್ಪ ಮೇಲಿಂದ ಕೆಳಗೆ ನೋಡಿ
ಗೋಣಿಚೀಲ ಕೊಡವಿ ಹಾಸಿದ.

ಮಂಡಕ್ಕಿ ಭಟ್ಟಿಯ ಹೊಗೆ ಓಣಿಗಿಳಿಯುವ ಹೊತ್ತು.
ಒಬ್ಬ ರಾಜಮಂಡ್ರಿಯ ಗೊಲ್ಲಪಲ್ಲಿ,
ಇನ್ನೊಬ್ಬ ಕೊಯಮತ್ತೂರಿನ ಸೆಲ್ವನ್,
ಇಬ್ಬರಿಗೂ ಸೇರಿ ಅರ್ಧ ಕನ್ನಡ.
ಮೆಣಸಿನಕಾಯಿ ಕಣ್ಣೀರಿಟ್ಟು ತಿಂದರು,
ಚಹ ಮಾತ್ರ ಒಲ್ಲೆವೆಂದರು. ನೇಮವಂತೆ.
“ದಾವಣಗೆರಿಯಾಗ ಚಹ ಇಲ್ಲದ ಧರ್ಮ ಹೆಂಗ ನಡಸ್ತೀರಪಾ?”
ಎರಡು ಲೋಟವನ್ನೂ ಅಪ್ಪನೇ ಕುಡಿದ.

ರೈತನ ಮಗ, ಹದಿನಾಲ್ಕು ವಯಸ್ಸು,
ಯಾವ ಸಭೆ ಖರೆ ಎಂದು ತಿಳಿಯದೆ
ಮರಗಳ ನಡುವೆ ಮೊಣಕಾಲೂರಿದ.
ಬೆಳಕು ಬಂತು. ಯಾವುದೂ ಅಲ್ಲ ಎಂದಿತು.
ಆಮೇಲೊಬ್ಬ ದೂತ, ಒಂದು ಗುಡ್ಡ,
ಗುಡ್ಡದೊಳಗೆ ಕಲ್ಲಪೆಟ್ಟಿಗೆ,
ಅದರೊಳಗೆ ಚಿನ್ನದ ತಗಡಿನ ಹೊತ್ತಿಗೆ.
ಟೊಪ್ಪಿಗೆಯಲ್ಲಿ ಹರಳಿಟ್ಟು, ಅದರೊಳಗೆ ಮುಖ ಹುದುಗಿಸಿ
ಅವನು ಹೇಳಿದ, ಬೇರೆಯವರು ಬರೆದುಕೊಂಡರು.

“ಈಗೆಲ್ಲಿ ಅದಾವು ತಗಡು?”
ದೂತ ತಿರುಗಿ ಒಯ್ದನಂತೆ.
ನಾನು ನಗು ನುಂಗಿದೆ. ಅಪ್ಪ ನಗಲಿಲ್ಲ.
“ಚಲೋ ಆತು. ನಮ್ಮ ಕಾಗದಕ್ಕ ಗೆದ್ದಲು ಹತ್ತಿತು.
ಚಿನ್ನಕ್ಕ ಗೆದ್ದಲು ಹತ್ತೂದಿಲ್ಲ,
ಮನುಷ್ಯಾರು ಹತ್ತತಾರ.”

ನಾವು ಹೆಳವರು.
ಕಾಲಿಲ್ಲದವನೊಬ್ಬನನ್ನು ಎತ್ತಿನ ಮೇಲೆ ಕೂರಿಸಿ
ಮಂದಿಯ ಹಿಂದಿನವರನ್ನು ಹೇಳಿ ಉಣ್ಣು ಎಂದರಂತೆ.
ಅದಕ್ಕೂ ಸಾಕ್ಷಿಯಿಲ್ಲ, ಎತ್ತಿನ ಗಂಟೆ ಬಿಟ್ಟರೆ.
ಸುಗ್ಗಿ ಮುಗಿದ ಮೇಲೆ ಜಗಳೂರು ಸೀಮೆಯ ಬಾಗಿಲುಗಳಲ್ಲಿ
ಅಪ್ಪ ಏಳು ತಲೆ, ಒಂಬತ್ತು ತಲೆ ಬಿಚ್ಚುತ್ತಾನೆ.
ಅದಕ್ಕೇ ಬಂದಿದ್ದರು ಇವರು,
ಚೋಪಡಿಯ ಫೋಟೋ ಬೇಕಿತ್ತು.

ಎಲ್ಲೋ ಒಂದು ಉಪ್ಪಿನ ಸರೋವರ, ಅದರ ಬಳಿ ಬೆಟ್ಟ ಕೊರೆದು
ಲೋಕದ ಹೆಸರುಗಳನ್ನೆಲ್ಲ ಒಟ್ಟಿದ್ದಾರಂತೆ.
“ದುರ್ಗದಂಥ ಬಂಡೆಯೇನು?”
ಅಂಥದೇ ಎಂದ ಸೆಲ್ವನ್, ದುರ್ಗ ನೋಡದವನು.
ಮೊದಲಿಗೆ ಆರೇ ಜನ. ಒಂದು ಊರು ಬಿಡಿಸಿದರು,
ಇನ್ನೊಂದು ಊರು ಬಿಡಿಸಿದರು,
ಸೆರೆಮನೆಗೆ ನುಗ್ಗಿ ಅವನನ್ನು ಗುಂಡಿಟ್ಟು ಕೊಂದರು.
ಉಳಿದವರು ಪಡುವಣಕ್ಕೆ ನಡೆದರು. ಕೆಲವರು
ಕೈಗಾಡಿ ಎಳೆಯುತ್ತ ಹಿಮಕ್ಕೆ ಸಿಕ್ಕಿ
ದಾರಿಯಲ್ಲೇ ಕೂಸು ಹೂತು ಮುಂದೆ ಹೋದರು.
ಈಗ ಕೋಟಿ ಮೀರಿದ್ದಾರೆ.
“ಎತ್ತಿರಲಿಲ್ಲೇನು?”
ಎಲ್ಲರಿಗೂ ಇರಲಿಲ್ಲ.
ಅಪ್ಪ ಬಹಳ ಹೊತ್ತು ಏನೂ ಕೇಳಲಿಲ್ಲ.

ಆಮೇಲೆ, “ಬಾಳ ಹೆಂಡರಿದ್ದರಂತಲ್ಲ?”
ಇಬ್ಬರ ಕಿವಿಯೂ ಕೆಂಪಾದವು.
ಆಗ ಇತ್ತು, ಈಗ ಮಾಡಿಕೊಂಡರೆ ಹೊರಗೆ.
“ಹೆಸರು ಬರದಿಟ್ಟೀರೇನು ಅವರವು?”
ಬರೆದಿದ್ದೇವೆ.

ಸತ್ತವರ ಹೆಸರಲ್ಲಿ ಬದುಕಿದವರು
ನೀರಲ್ಲಿ ಮುಳುಗಿ ಏಳುತ್ತಾರಂತೆ,
ಸಾವಿನಾಚೆಗೂ ಮನೆಮಂದಿ ಕೂಡಿರಲಿ ಎಂದು.
“ಸತ್ತವರನ್ನ ಕೇಳಿದಿರೇನು?”
ಅಲ್ಲಿ ಕೇಳುತ್ತಾರೆ. ಅವರು ಒಲ್ಲೆ ಅನ್ನಬಹುದು.
ಅಪ್ಪ ಚೋಪಡಿ ಮಡಚಿ ತೊಡೆಯ ಕೆಳಗಿಟ್ಟ.
“ಇವು ಮಂದಿ ಹೆಸರು. ನಾ ಬರೇ ಹೊರೋನು.
ಬೇಕಂದ್ರ ನಂದು ಬರಕೊಳ್ರಿ.”

ಗೊಲ್ಲಪಲ್ಲಿ ಹಾಳೆ ಬಿಡಿಸಿದ.
ಒಂಬತ್ತು ಗಂಡಸರು ಒಂದೇ ಉಸಿರಿಗೆ ಬಂದರು.
ಪ್ರತಿಯೊಬ್ಬನ ಪಕ್ಕ ಒಂದು ಚೌಕ.
ಇಲ್ಲಿ ಇವರ ಹೆಂಡತಿ?
ಅವ್ವನದು ಗೊತ್ತು, ಹಾಲವ್ವ. ಅಜ್ಜಿಯನ್ನು
ಮುದುಕಿ ಎಂದೇ ಕರೆಯುತ್ತಿದ್ದೆವು.
ಅದರಾಚೆ ಅಪ್ಪನ ಬಾಯಿ ಗಂಟೆ ಕಳಚಿದ ಎತ್ತು.
ಚೋಪಡಿಯಲ್ಲಿ ನಾನೂ ಇಲ್ಲ. ಕೇಳಿರಲಿಲ್ಲ ಎಂದೂ.

ಅವರು ಸೈಕಲ್ಲು ಹತ್ತಿ ಹೋದರು.
ಮತ್ತೆ ಬಂದಾಗ ಮಾತಾಡಿದ್ದು ಕಡಿಮೆ,
ಮೂರನೆಯ ಸಲ ಬೇರೆ ಇಬ್ಬರು ಬಂದರು.
ನಾವು ಮುಳುಗಲಿಲ್ಲ ಯಾವ ನೀರಲ್ಲೂ.
ಹಾಳೆ ಮಾಡದಲ್ಲಿ ಉಳಿಯಿತು.

ಆ ಸುಗ್ಗಿಗೆ ಅಪ್ಪನ ಜತೆ ನಾನೂ ಹೋದೆ.
ಜಗಳೂರಿನಾಚೆ ಒಂದು ಬಾಗಿಲು,
ಎಂಟು ತಲೆ ಹೇಳಿ ಮುಗಿಸಿದ. ಮೊರದಲ್ಲಿ ಜೋಳ ಬಂತು.
ಜೋಳಿಗೆ ಒಡ್ಡಲಿಲ್ಲ ಅಪ್ಪ.
“ನಿನ್ನ ಹೆಸರೇನವಾ?”
ಆಕೆ ಮೊರ ಹಿಡಿದೇ ಒಮ್ಮೆ
ಮನೆಯೊಳಗೆ ತಿರುಗಿ ನೋಡಿದಳು,
ಯಾರನ್ನೋ ಕೇಳಬೇಕೆನ್ನುವ ಹಾಗೆ.