ಮೂವತ್ತು ಮಿಡತೆಗಳಿಗೆ ಗುರುತು ಹಾಕಿದ್ದು

ಉಗುರುಬಣ್ಣ ತಂದವಳು ಫಿರ್ದೋಸ್.
ಅಕ್ಕನ ನಿಕಾಹ್‌ನಲ್ಲಿ ಮಿಕ್ಕಿದ್ದು, ಕಡುಗೆಂಪು.
ಮುಚ್ಚಳ ಅಂಟಿಕೊಂಡಿತ್ತು, ಹಲ್ಲಿನಿಂದ ಕಚ್ಚಿ ತೆಗೆದಳು.
ಬೀರೂರಿನಾಚೆ, ಕಾವಲಿನ ಹುಲ್ಲಿನಲ್ಲಿ
ಒಂಬತ್ತನೆಯ ತರಗತಿ, ಇಪ್ಪತ್ತಾರು ಮಕ್ಕಳು,
ಹರಿದ ಒಂದು ಸೊಳ್ಳೆಪರದೆ.

ಪಾಠವೇನೋ ಸುಲಭ.
ಇಲ್ಲಿ ಎಷ್ಟು ಮಿಡತೆ ಇವೆ?
ಎಲ್ಲವನ್ನೂ ಎಣಿಸಲಾಗದು, ಅವು ನಿಲ್ಲುವುದಿಲ್ಲ.
ಮೂವತ್ತು ಹಿಡಿ, ಬೆನ್ನಿಗೊಂದು ಚುಕ್ಕೆ ಇಡು, ಬಿಟ್ಟುಬಿಡು.
ವಾರ ಕಳೆದು ಮತ್ತೆ ಬಾ, ಮತ್ತೆ ಹಿಡಿ,
ಸಿಕ್ಕವುಗಳಲ್ಲಿ ಚುಕ್ಕೆಯವೆಷ್ಟು ನೋಡು.
ಉಳಿದದ್ದು ಬರೀ ಗುಣಾಕಾರ, ಭಾಗಾಕಾರ.

ಸಿಕ್ಕಿದ್ದು ಇಪ್ಪತ್ತನಾಲ್ಕು. ಚುಕ್ಕೆಯವು ನಾಲ್ಕು.
ನೂರಾ ಎಂಬತ್ತು ಎಂದು ಹಲಗೆಯ ಮೇಲೆ ಬರೆದೆ,
ಅಂಕಿಯ ಕೆಳಗೆ ಎರಡು ಗೆರೆ ಎಳೆದೆ.

ಮಾರನೆಯ ದಿನ ಮೈಲಾರಿ ತಡವಾಗಿ ಬಂದ.
ಕುರಿಮನೆಯ ಹುಡುಗ, ಅಂಗಿಯ ತುಂಬ ಉಣ್ಣೆಯ ವಾಸನೆ,
ಕೈಯಲ್ಲೊಂದು ಜಾಲಿಯ ಕೊಂಬೆ.
ಮುಳ್ಳಿಗೊಂದರಂತೆ ಚುಚ್ಚಿಟ್ಟ ಮಿಡತೆ,
ಕಳಿಂಗ ಹಕ್ಕಿಯ ಉಗ್ರಾಣ. ಐದು ಇದ್ದವು.
ಮೂರನೆಯದರ ಬೆನ್ನ ಮೇಲೆ ಕೆಂಪು.

"ಇದೂ ಹಿಡ್ದೈತಲ್ಲ ಮೇಡಂ. ಐದರಾಗೆ ಒಂದು.
ಅದರ ಲೆಕ್ಕದಾಗೆ ನೂರೈವತ್ತಾತು.
ನಿಮ್ದು ನೂರಾ ಎಂಬತ್ತು. ಯಾವ್ದು ಸರಿ?"

ತರಗತಿ ನಕ್ಕಿತು.
ನನಗೆ ನಗು ಬರಲಿಲ್ಲ.
ಈ ಲೆಕ್ಕಕ್ಕೊಂದು ಷರತ್ತಿದೆ, ಪುಟದ ಬುಡದಲ್ಲಿ, ಸಣ್ಣಕ್ಷರದಲ್ಲಿ,
ನಾನು ಗಟ್ಟಿಯಾಗಿ ಓದಿ ಹೇಳಿರಲಿಲ್ಲ:
ಗುರುತು ಹಾಕಿದ ಕಾರಣಕ್ಕೆ ಯಾವ ಜೀವವೂ ಸಾಯಬಾರದು.

ಹುಲ್ಲಲ್ಲಿ ಹುಲ್ಲಾಗಿ ಕೂತಿದ್ದುದನ್ನು
ಹಕ್ಕಿಯ ಕಣ್ಣಿಗೆ ದೀಪ ಹಚ್ಚಿ ತೋರಿಸಿದೆ.
ಸತ್ತವು ಸಿಗುವುದಿಲ್ಲ, ಚುಕ್ಕೆಯವು ಕಡಿಮೆಯಾದಷ್ಟೂ
ಉತ್ತರ ಉಬ್ಬುತ್ತದೆ. ಇರುವುದಕ್ಕಿಂತ ಹೆಚ್ಚು ಇವೆ ಎನ್ನಿಸುತ್ತದೆ.

ಸಂಜೆ ಒಬ್ಬಳೇ ಮತ್ತೆ ಕಾವಲಿಗೆ ಹೋದೆ.
ಮಖೆಗೆ ಬರಬೇಕಾದ ಮಳೆ ಸ್ವಾತಿಗೆ ಬಂದಿತ್ತು.
ಇಷ್ಟೊತ್ತಿಗೆ ಹಳದಿಯಾಗಬೇಕಾದ ಬಯಲು
ಇನ್ನೂ ಎಳೆಹಸಿರು.
ಮಿಡತೆಗಳು ಮಾತ್ರ ಹಳೆಯ ಪಂಚಾಂಗ ನಂಬಿ
ಒಣಹುಲ್ಲಿನ ಬಣ್ಣ ತೊಟ್ಟು ಕೂತಿದ್ದವು,
ಹಸಿರಿನ ಮೇಲೆ ಕಂದು, ಒಂದೊಂದೂ ಎದ್ದು ಕಾಣುತ್ತ.
ಚುಕ್ಕೆ ಇಟ್ಟದ್ದು ನಾನೊಬ್ಬಳೇ ಅಲ್ಲ.

ಪುಸ್ತಕದ ಕೊನೆಯ ಅಧ್ಯಾಯದಲ್ಲಿ
ಮಂಜುಗಡ್ಡೆಯ ಮೇಲೆ ಒಂಟಿ ಕರಡಿಯ ಚಿತ್ರವಿದೆ.
ಕಡೂರು ತಾಲ್ಲೂಕಿನಲ್ಲಿ ಅದನ್ನು ಕಂಡವರಿಲ್ಲ.
ಆ ಅಧ್ಯಾಯ ಮಾಡುವ ದಿನ ಕರಡಿಯ ಪುಟ ಮಡಚಿ
ಮೈಲಾರಿಯನ್ನು ಕೇಳಿದೆ,
ನಿಮ್ಮ ಮನೆಯಲ್ಲಿ ಕುರಿ ಎಣಿಸುವುದು ಹೇಗೆ?

"ಎಣಿಸಲ್ಲ ಮೇಡಂ. ಯಾವ್ದು ಇಲ್ಲ ಅಂತ ನೋಡ್ತಾರೆ."

ಹಾಗಾದರೆ ಕಾವಲಿನಲ್ಲಿ?

ಬೆರಳು ಮಡಚಿದ.
"ತೋಳ ಇಲ್ಲ. ಎರೆಭೂತ ಅಂತ ಹಕ್ಕಿ, ತಾತ ಕಂಡಿದ್ನಂತೆ, ಅದಿಲ್ಲ.
ಮೊಲ ಐತೆ, ಆದ್ರೆ ಮೊದ್ಲಿನಂಗಿಲ್ಲ.
ಆಮೇಲೆ…"
ಮೂರು ಬೆರಳು ಮಡಚಿ ನಾಲ್ಕನೆಯದನ್ನು ಹಾಗೇ ಹಿಡಿದುಕೊಂಡ.
"ಒಂದು ಕೂಗ್ತಿತ್ತು ಮೇಡಂ, ಬೆಳಗಿನ ಜಾವ, ನೆಲದಿಂದ ಎದ್ದು ಮೇಲೆ ಹೋಗ್ತಾ ಹೋಗ್ತಾ.
ಹೆಸರು ಗೊತ್ತಿಲ್ಲ."

ಯಾರಿಗೂ ಗೊತ್ತಿರಲಿಲ್ಲ. ನನಗೂ.
ಹಲಗೆಯ ಮೇಲೆ ನೂರಾ ಎಂಬತ್ತು ಹಾಗೇ ಇತ್ತು,
ಕೆಳಗಿನ ಎರಡು ಗೆರೆಯನ್ನಷ್ಟೇ ಒರೆಸಿದೆ.

ಐದೂವರೆಯ ಬಸ್ಸು, ನಿಲ್ಲಲೂ ಜಾಗವಿಲ್ಲ.
ಕಂಬಿ ಹಿಡಿದ ನನ್ನ ಹೆಬ್ಬೆರಳಿನ ಮೇಲೆ
ಮೂರು ವಾರದ ಕೆಂಪು, ಸೋಪಿಗೂ ಸೀಮೆಎಣ್ಣೆಗೂ ಹೋಗದ್ದು.
ಕಂಡಕ್ಟರ್ ಪೆನ್ನಿನ ತುದಿಯಲ್ಲಿ ತಲೆ ಎಣಿಸುತ್ತ
ನನ್ನವರೆಗೆ ಬಂದ, ಯಾರೋ ಚಿಲ್ಲರೆ ಕೇಳಿದರು,
ಲೆಕ್ಕ ತಪ್ಪಿತು,
ಬೈದುಕೊಂಡು ಮತ್ತೆ ಬಾಗಿಲಿಂದ ಶುರುಮಾಡಿದ.