ಚೌಕಳಿ ಕಾಗದ

ಹನ್ನೊಂದು ವರ್ಷ, ಮಾಗಡಿ ರಸ್ತೆಯ ನರ್ಸಿಂಗ್ ಹೋಮಿನಲ್ಲಿ
ಬೇರೆಯವರ ಎದೆಗೆ ತಣ್ಣನೆ ಜೆಲ್ಲು ಹಚ್ಚಿದ್ದೇನೆ.
ಆರು ಬಟ್ಟಲು ಎದೆಗೆ, ನಾಲ್ಕು ಕ್ಲಿಪ್ಪು ಕೈಕಾಲಿಗೆ.
"ಮಾತಾಡಬೇಡಿ, ಅಲ್ಲಾಡಬೇಡಿ, ಉಸಿರು ಸಲೀಸಾಗಿರಲಿ"
ಹೇಳಿ ಹೇಳಿ ಆ ಮಾತು ಸವೆದೇಹೋಗಿತ್ತು.

ಒಂದು ರಾತ್ರಿ ಪಾಳಿ. ಎರಡೂವರೆ ಗಂಟೆ.
ಕಾರಣ ಕೇಳಿದರೆ ಏನು ಹೇಳಲಿ? ಫ್ಲಾಸ್ಕಿನಲ್ಲಿ ಕಾಫಿಯಿತ್ತು,
ಕಾರಿಡಾರಿನ ಟ್ಯೂಬ್‌ಲೈಟು ಮಿಟುಕುತ್ತಿತ್ತು, ಅಷ್ಟೇ.
ಎದೆಯೊಳಗೆ ಯಾರೋ ಧಡಾರನೆ ಷಟರ್ ಎಳೆದರು.
ಬೆರಳು ಜುಮ್ಮೆಂದವು, ಗೋಡೆ ಎರಡು ಹೆಜ್ಜೆ ಹತ್ತಿರ ಬಂತು.
ಸಾಯುತ್ತಿದ್ದೇನೆ ಅಂದುಕೊಂಡೆ. ಆಗ ನೆನಪಾದದ್ದು
ಮಗನ ಟಿಫನ್ ಡಬ್ಬಿ ತೊಳೆದಿಲ್ಲ ಅನ್ನೋದು.

ಬಾಗಿಲು ಹಾಕಿಕೊಂಡು ನನಗೆ ನಾನೇ ವೈರು ಸಿಕ್ಕಿಸಿಕೊಂಡೆ.
ಯಂತ್ರ ಕಿರ್ರೆನ್ನುತ್ತ ಗುಲಾಬಿ ಚೌಕಳಿ ಉಗುಳಿತು:
ವೇಗ ಜಾಸ್ತಿ. ಮಿಕ್ಕಿದ್ದೆಲ್ಲ ನೆಟ್ಟಗೆ.
ಗುಡ್ಡಗಳು ತಂತಮ್ಮ ಜಾಗದಲ್ಲಿ, ಹಳ್ಳಗಳು ತಂತಮ್ಮ ಆಳದಲ್ಲಿ.
ಆ ತಿಂಗಳು ಹೀಗೆ ಹದಿನಾಲ್ಕು ಪಟ್ಟಿ.
ಮಡಿಸಿ ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ, ತಾಯತದ ಹಾಗೆ.
ತಾಯತದ ಬಲ ಇಪ್ಪತ್ತು ನಿಮಿಷ.

ಆಮೇಲೆ ಮೆಟ್ರೊ ಬಿಟ್ಟೆ. ಸುರಂಗದಲ್ಲಿ ನಿಂತುಬಿಟ್ಟರೆ?
ಲಿಫ್ಟು ಬಿಟ್ಟೆ. ಫ್ಲೈಓವರ್ ಹತ್ತುವ ಬಸ್ಸು ಬಿಟ್ಟೆ.
ಕಾಮಾಕ್ಷಿಪಾಳ್ಯದಿಂದ ನಡೆದೇ ಹೋಗುತ್ತಿದ್ದೆ
ದಾರಿಯ ಮೆಡಿಕಲ್ ಶಾಪುಗಳನ್ನು ಎಣಿಸುತ್ತ. ಏಳು.
ಅತ್ತೆ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದರು.
ಶಿವನಂಜ, ಪಾಪ, ನಾಲ್ಕು ದಿನ ರಜೆ ಹಾಕು ಅಂದ.
ಗ್ಲೋರಿಯಾ ಸಿಸ್ಟರ್ ಮಾತ್ರ ನನ್ನ ಪರ್ಸು ಕಸಿದು
ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಹರವಿದಳು:
"ಚೆನ್ನಾಜಿ, ಹದಿನಾಲ್ಕು ಸಲ ಖುಲಾಸೆಯಾದವಳನ್ನ
ಮತ್ತೆ ಮತ್ತೆ ಹಿಡಕೊಂಡು ಹೋಗ್ತಿರೋದು ಯಾರೇ?"

ನಿಮ್ಹಾನ್ಸ್ ಅನ್ನೋದು ನಮ್ಮ ಬೀದಿಯಲ್ಲಿ ಬೈಗುಳ.
"ಯಾರ್ರೀ ನಿಮ್ಹಾನ್ಸು, ಇಳೀರಿ!" ಕಂಡಕ್ಟರ್ ಕೂಗಿದ.
ಕೂತೇ ಇದ್ದೆ.
ಡೇರಿ ಸರ್ಕಲ್ಲಿನಲ್ಲಿ ಇಳಿದು ಹಿಂದಕ್ಕೆ ನಡೆದೆ.
ಹಾಗೆ ಹಿಂದಕ್ಕೆ ನಡೆಯುವವರು ಇನ್ನೂ ಇಬ್ಬರಿದ್ದರು.
ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಡಾಕ್ಟರು ಚಿಕ್ಕ ಹುಡುಗಿ, ಯಾದಗಿರಿ ಕಡೆಯ ಮಾತು.
ಮನೆಯಲ್ಲಿ ಮತ್ಯಾರಿಗಾದರೂ? ಕೇಳಿದಳು.
ಅವ್ವ ಕಣ್ಣಿಗೆ ಬಂದಳು, ಬೀಗ ಹಾಕಿ, ಬೀದಿ ತಿರುಗಿ,
ವಾಪಸು ಓಡಿಬಂದು ಬೀಗ ಜಗ್ಗುವವಳು.
ನಾವದನ್ನು ಜವಾಬ್ದಾರಿ ಅಂದುಕೊಂಡಿದ್ದೆವು.
ನಿದ್ದೆ? ಕಾಫಿ? ಆ ಎರಡು ಕೋವಿಡ್ ವರ್ಷ?
ನೇರ ಗೆರೆ ಎಷ್ಟು ತೆಗೆದಿರಿ?
ಎಣಿಸಿಲ್ಲ ಅಂದೆ.
ಎಣಿಸಿದ್ದೆ.
"ಒಂದೇ ಕಾರಣ ಅಂತ ಇರಂಗಿಲ್ರಿ ಅಕ್ಕಾರ,
ಕೊಡ ಹನಿ ಹನಿ ತುಂಬತದ,
ನಾವು ಕಡೀ ಹನಿಗೆ ಬೈತೀವಿ."

ಗುಳಿಗೆ ಬೆಳಿಗ್ಗೆಗೊಂದು. ಎರಡು ವಾರ ಹೊಟ್ಟೆ ತೊಳಸಿತು.
ಮೂರನೇ ವಾರ ಒಂದು ರಾತ್ರಿ ಇಡಿಯಾಗಿ ಸಿಕ್ಕಿತು.
ಜೊತೆಗೊಂದು ವಿಚಿತ್ರ ಪಾಠ: ಭಯವನ್ನು ನೀವೇ ಕರೀರಿ.
ನಾಲ್ಕು ಮಹಡಿ ಓಡಿ ಹತ್ತಿ. ಎದೆ ಹೊಡೆದುಕೊಳ್ಳಲಿ.
ಪಟ್ಟಿ ತೆಗೀಬೇಡಿ. ನಿಂತು ನೋಡಿ.

ಓಡಿದೆ. ತಾರಸಿಯಲ್ಲಿ ವಾರ್ಡಿನ ಬೆಡ್‌ಶೀಟುಗಳು ಒಣಗುತ್ತಿದ್ದವು.
ಬಂತು, ಅದೇ ಷಟರು. ಏರಿತು, ಇನ್ನೂ ಏರಿತು,
ಮೇಲೆ ಹೋಗಲು ಮೆಟ್ಟಿಲಿಲ್ಲದೆ ಅಲ್ಲೇ ತಡವರಿಸಿತು,
ನನ್ನ ಹಾಗೆಯೇ ಏದುಸಿರು ಬಿಡುತ್ತ ಕೂತಿತು.
ಎಷ್ಟು ಹೊತ್ತೋ. ಒಂದು ಹಸಿ ಬೆಡ್‌ಶೀಟು ಮುಖಕ್ಕೆ ಬಡಿಯಿತು,
ಡೆಟಾಲಿನ ವಾಸನೆ.

ಮೊನ್ನೆ ಬುಧವಾರ ಮೆಟ್ರೊ ಹತ್ತಿದೆ.
ಮಾಗಡಿ ರಸ್ತೆ ದಾಟಿದೊಡನೆ ರೈಲು ನೆಲದೊಳಕ್ಕಿಳಿಯುತ್ತದೆ,
ಕಿಟಕಿಯಲ್ಲಿ ಊರು ಅಳಿಸಿ ನನ್ನ ಮುಖ ಮೂಡುತ್ತದೆ.
ಒಂದೇ ನಿಲ್ದಾಣ. ಇಳಿದೆ. ಬೆವರಿದ್ದೆ.

ನಿನ್ನೆ ರಾತ್ರಿ ಊಟ ತಲುಪಿಸುವ ಹುಡುಗನೊಬ್ಬ ಬಂದ,
ಹೆಲ್ಮೆಟ್ಟು ತೆಗೆಯದೇ ಮಂಚದ ಮೇಲೆ ಕುಸಿದ.
ಪಟ್ಟಿ ನೆಟ್ಟಗೆ ಬಂತು. ನಾರ್ಮಲ್ ಅಂದೆ.
ನಂಬಲಿಲ್ಲ ಅವನು. ಸ್ಟೂಲು ಎಳೆದು ಕೂತೆ.

ಪರ್ಸಿನಲ್ಲಿ ಒಂದು ಪಟ್ಟಿ ಇನ್ನೂ ಇದೆ.
ಎಸೆಯುತ್ತೇನೆ.
ಇವತ್ತಲ್ಲ.